ಸೌದೆ ಮೇಲಿನ ಬೂದು ಬೀಸಣಿಗೆಗೆ 23,328 ಗೋತ್ರ

ಬಚ್ಚಲೊಲೆ ಇರುವ ಮನೆಯವರು ಇದನ್ನು ನೂರು ಸಲ ನೋಡಿರುತ್ತಾರೆ, ಒಂದು ಸಲವೂ ಗಮನಿಸಿರುವುದಿಲ್ಲ. ಮಾವಿನ ಕೊಂಬೆ ಕಡಿದು ಒಂದು ಮಳೆಗಾಲ ಹೊರಗೆ ಬಿಟ್ಟರೆ ಸಾಕು. ಅದರ ತೊಗಟೆಯ ಮೇಲೆ ಬೂದು ಬಿಳಿ ಬಣ್ಣದ ಸಣ್ಣ ಬೀಸಣಿಗೆಗಳು ಸಾಲಾಗಿ ಎದ್ದಿರುತ್ತವೆ. ಕೆಲವು ಉಗುರಿನಷ್ಟು, ಕೆಲವು ಎರಡು ಬೆರಳಿನ ಅಗಲ. ಮೇಲೆ ಬೆಕ್ಕಿನ ಕಿವಿಯಂಥ ನವಿರು ರೋಮ. ತೊಟ್ಟು ಅಂತ ಹೇಳಿಕೊಳ್ಳುವಂಥದ್ದು ಇಲ್ಲ, ಒಂದು ಬದಿಯಿಂದ ಮರಕ್ಕೆ ಅಂಟಿಕೊಂಡಿರುತ್ತದೆ. ಕಿತ್ತರೆ ಚಕ್ಕಳದ ಹಾಗೆ ಬಾಗುತ್ತದೆ, ಮುರಿಯುವುದಿಲ್ಲ. ಸೌದೆ ಒಲೆಗೆ ಹೋಗುವಾಗ ಇದೂ ಜೊತೆಗೆ ಹೋಗುತ್ತದೆ, ಅಷ್ಟೇ.

ತಿನ್ನುವ ಅಣಬೆಗಳಿಗೆ ನಮ್ಮಲ್ಲಿ ಹೆಸರಿನ ಬರ ಇಲ್ಲ. ತುಳುವಿನಲ್ಲಿ ಲಾಂಬು, ಕೊಡಗಿನಲ್ಲಿ ಕುಮ್ಮು, ಮಳೆ ಬಿದ್ದು ಗುಡುಗಿದ ಮರುದಿನ ಹುಡುಕಿಕೊಂಡು ಹೋಗುವ ಹುತ್ತದ ಅಣಬೆ. ಈ ಬೀಸಣಿಗೆಯನ್ನು ಮಾತ್ರ ‘ಏನೋ ನಾಯಿಕೊಡೆ’ ಅಂದು ಮುಗಿಸಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಪ್ಲಿಟ್ ಗಿಲ್ ಅನ್ನುತ್ತಾರೆ. ಶಾಸ್ತ್ರೀಯ ಹೆಸರು ಸ್ಕಿಜೋಫಿಲ್ಲಮ್ ಕಮ್ಯೂನೆ. 1815ರಲ್ಲಿ ಸ್ವೀಡನ್ನಿನ ಎಲಿಯಾಸ್ ಫ್ರೀಸ್ ಇಟ್ಟ ಹೆಸರು. ಸೀಳಿದ ಎಲೆಯ, ಎಲ್ಲೆಲ್ಲೂ ಸಿಗುವ ಅಣಬೆ ಅಂತ ಅರ್ಥ. ‘ಎಲ್ಲೆಲ್ಲೂ’ ಅನ್ನುವುದು ಬಾಯಿಮಾತಲ್ಲ. ಅಂಟಾರ್ಕ್ಟಿಕಾ ಒಂದನ್ನು ಬಿಟ್ಟು ಭೂಮಿಯ ಎಲ್ಲ ಖಂಡಗಳಲ್ಲೂ ಇದು ಇದೆ. ನೂರೈವತ್ತಕ್ಕೂ ಜಾಸ್ತಿ ಕುಲದ ಗಿಡಮರಗಳ ಮೇಲೆ ಬೆಳೆಯುವುದನ್ನು ದಾಖಲಿಸಿದ್ದಾರೆ.

ಇಷ್ಟು ಚಿಕ್ಕದು, ಇಷ್ಟು ಒರಟು, ಅಂಥ ಬಲಶಾಲಿಯೂ ಅಲ್ಲ. ಆದರೂ ಜಗತ್ತೆಲ್ಲ ಹೇಗೆ ಹಬ್ಬಿತು? ನನಗೆ ಅರ್ಥವಾದ ಮಟ್ಟಿಗೆ ಇದಕ್ಕೆ ಎರಡು ವಿದ್ಯೆ ಚೆನ್ನಾಗಿ ಗೊತ್ತು. ಒಂದು, ಕಾಯುವುದು. ಇನ್ನೊಂದು, ಜೋಡಿ ಹುಡುಕುವುದು.

ಮೊದಲು ಅದನ್ನು ಮಗುಚಿ ನೋಡಿ

ಅಂಗಡಿಯಲ್ಲಿ ಸಿಗುವ ಬಟನ್ ಅಣಬೆ ಸ್ವಲ್ಪ ಬಲಿತಿದ್ದರೆ ಅದರ ಕೊಡೆಯ ಕೆಳಗೆ ಪುಸ್ತಕದ ಹಾಳೆಗಳಂಥ ಪದರಗಳು ಕಾಣುತ್ತವೆ. ಆ ಹಾಳೆಗಳ ಎರಡೂ ಮೈ ಮೇಲೆ ಬೀಜಕಗಳು ಹುಟ್ಟುತ್ತವೆ. ಬೀಜಕ ಅಂದರೆ ಅಣಬೆಯ ಬೀಜ ಅಂದುಕೊಳ್ಳಿ. ಕಣ್ಣಿಗೆ ಕಾಣದಷ್ಟು ಸಣ್ಣದು, ಗಾಳಿಯಲ್ಲಿ ತೇಲಿ ಹೋಗುವಂಥದ್ದು. ಅಣಬೆ ಅಂತ ನಾವು ಕರೆಯುವುದು ಈ ಬೀಜಕ ಉದುರಿಸುವ ಕಾಯಿ ಮಾತ್ರ. ನಿಜವಾದ ಜೀವಿ ಮರದ ಒಳಗೆ ಬಿಳಿ ಎಳೆಗಳ ಜಾಲವಾಗಿ ಹರಡಿಕೊಂಡಿರುತ್ತದೆ.

ನಮ್ಮ ಬೀಸಣಿಗೆಯ ಕೆಳಗೂ ಹಾಳೆಗಳಿವೆ. ತಿಳಿ ಗುಲಾಬಿ ಮಿಶ್ರಿತ ಬೂದು ಬಣ್ಣ. ಆದರೆ ಕನ್ನಡಕದ ಅಂಗಡಿಯ ಮಾಮೂಲಿ ಭೂತಗನ್ನಡಿ ಹಿಡಿದರೂ ಸಾಕು, ಒಂದು ವಿಚಿತ್ರ ಕಾಣುತ್ತದೆ. ಪ್ರತಿ ಹಾಳೆಯೂ ಅಂಚಿನುದ್ದಕ್ಕೂ ಎರಡಾಗಿ ಸೀಳಿದೆ. ಯಾರೋ ಬ್ಲೇಡಿನಲ್ಲಿ ಬಿಡಿಸಿದ ಹಾಗೆ.

ಇದಕ್ಕೆ ಕಾರಣ ಅದು ಬೆಳೆಯುವ ರೀತಿ. ಈ ಅಣಬೆ ಶುರುವಾಗುವುದು ಒಂದು ಪುಟ್ಟ ಬಟ್ಟಲಿನಿಂದ. ಬೆಳೆಯುತ್ತಾ ಹೋದಂತೆ ಒಂದರ ಪಕ್ಕ ಒಂದು ಉದ್ದುದ್ದ ಬಟ್ಟಲುಗಳು ಒತ್ತೊತ್ತಾಗಿ ಸೇರಿಕೊಂಡ ಹಾಗೆ ಆಗುತ್ತದೆ. ಹಳೇ ಮೈಸೂರಿನ ವಠಾರ ನೆನಪಿದೆಯಾ? ಸಾಲಾಗಿ ಮನೆಗಳು. ಎರಡು ಮನೆಗಳ ನಡುವೆ ಒಂದೇ ಗೋಡೆ ಇದ್ದ ಹಾಗೆ ಕಾಣುತ್ತದೆ, ಆದರೆ ಈ ಮನೆಗೊಂದು ಗೋಡೆ, ಆ ಮನೆಗೊಂದು ಗೋಡೆ ಅಂತ ಬೇರೆ ಬೇರೆ ಕಟ್ಟಿದ್ದರೆ ನಡುವೆ ಸಂದು ಇದ್ದೇ ಇರುತ್ತದೆ. ಇಲ್ಲೂ ಅಷ್ಟೇ. ನಾವು ಒಂದು ಹಾಳೆ ಅಂದುಕೊಂಡಿದ್ದು ಪಕ್ಕಪಕ್ಕದ ಎರಡು ಬಟ್ಟಲುಗಳ ಎರಡು ಗೋಡೆ. ಸೀಳು ಅನ್ನುವುದು ಅವುಗಳ ನಡುವಿನ ಸಂದು.

ಬಿಸಿಲು ಬಿದ್ದಾಗ ಈ ಸಂದು ಕೆಲಸಕ್ಕೆ ಬರುತ್ತದೆ. ಒಣಗುತ್ತಿದ್ದಂತೆ ಹಾಳೆಯ ಎರಡು ಅರ್ಧಗಳು ಒಂದರಿಂದ ಒಂದು ದೂರ ಸುರುಳಿಯಾಗುತ್ತವೆ. ಈ ಹಾಳೆಯ ಅರ್ಧ, ಪಕ್ಕದ ಹಾಳೆಯ ಅರ್ಧ ಎರಡೂ ಎದುರುಬದುರಾಗಿ ಬಾಗಿ ನಡುವಿನ ಬಟ್ಟಲಿನ ಬಾಯಿ ಮುಚ್ಚುತ್ತವೆ. ಬೀಜಕ ಹುಟ್ಟುವ ಮೃದು ಭಾಗ ಒಳಗೆ ಭದ್ರ. ಹೊರಗೆ ಉಳಿಯುವುದು ರೋಮದ ಒರಟು ಮೈ ಮಾತ್ರ. ಮಳೆ ಬಂದಾಗ ಮತ್ತೆ ನೀರು ಹೀರಿ ಬಿಚ್ಚಿಕೊಳ್ಳುತ್ತದೆ, ಕೆಲವೇ ಗಂಟೆಗಳಲ್ಲಿ ಬೀಜಕ ಉದುರಿಸಲು ಶುರು ಮಾಡುತ್ತದೆ. ಮುಟ್ಟಿದರೆ ಮುನಿ ಗಿಡದ ಹಾಗೆ ಇಲ್ಲಿ ಯಾವ ಸೂಚನೆ ಓಡಾಡುವುದೂ ಬೇಕಿಲ್ಲ. ಬಿಸಿಲಿಗೆ ಹಾಕಿದ ಹಪ್ಪಳ ಒಂದು ಮೈ ಬೇಗ ಒಣಗಿ ಸುರುಳಿಯಾಗುತ್ತದಲ್ವಾ, ಆ ಥರದ್ದೇ. ವ್ಯತ್ಯಾಸ ಏನೆಂದರೆ ಹಪ್ಪಳ ವಾಪಸು ಬರುವುದಿಲ್ಲ, ಇದು ಬರುತ್ತದೆ. ಎಷ್ಟು ಸಲ ಬೇಕಾದರೂ.

ಮನೆಯಲ್ಲಿ ನಾನೂ ಇದನ್ನು ಮಾಡಿ ನೋಡಿದ್ದೇನೆ. ಬೇಸಿಗೆಯಲ್ಲಿ ಕಿತ್ತ ಒಣ ತುಂಡೊಂದನ್ನು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟು ಮರೆತಿದ್ದೆ. ಎಷ್ಟೋ ತಿಂಗಳಾದ ಮೇಲೆ ಸಿಕ್ಕಿತು. ಒದ್ದೆ ಬಟ್ಟೆ ಹಾಸಿದ ತಟ್ಟೆಯಲ್ಲಿ ಇಟ್ಟು ಮೇಲೆ ಬಟ್ಟಲು ಮುಚ್ಚಿದೆ. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡುವಷ್ಟರಲ್ಲಿ ಹಾಳೆಗಳು ನೆಟ್ಟಗಾಗಿದ್ದವು.

ಕೆಲವು ತಿಂಗಳೆಲ್ಲ ಏನೂ ಅಲ್ಲ. ಕೆನಡಾದ ವಿನಿಪೆಗ್‌ನಲ್ಲಿ ರೆಜಿನಾಲ್ಡ್ ಬುಲ್ಲರ್ ಅಂತ ಒಬ್ಬ ಸಸ್ಯಶಾಸ್ತ್ರದ ಪ್ರೊಫೆಸರ್ ಇದ್ದರು. ಅಣಬೆ ಬೀಜಕ ಹೇಗೆ ಉದುರಿಸುತ್ತದೆ ಅನ್ನುವುದನ್ನೇ ಜೀವಮಾನವಿಡೀ ನೋಡುತ್ತಾ ಕೂತವರು. 1911ರಲ್ಲಿ ಅವರು ಒಣಗಿದ ಸ್ಪ್ಲಿಟ್ ಗಿಲ್ ತುಂಡುಗಳನ್ನು ಗಾಜಿನ ನಳಿಗೆಯಲ್ಲಿ ಹಾಕಿ, ಗಾಳಿ ಹೊರತೆಗೆದು, ಬಾಯಿ ಮುಚ್ಚಿಸಿದರು. 1944ರಲ್ಲಿ ಅವರು ತೀರಿಕೊಂಡರು. ನಳಿಗೆ ಮುಚ್ಚಿ ಅರ್ಧ ಶತಮಾನ ಕಳೆದ ಮೇಲೆ ಬೇರೆಯವರು ಅದನ್ನು ಒಡೆದು ತುಂಡಿಗೆ ನೀರು ತಾಗಿಸಿದರು. ಹಾಳೆಗಳು ಬಿಚ್ಚಿಕೊಂಡವು, ಬೀಜಕ ಉದುರಿತು. ಪ್ರಯೋಗ ಮಾಡಿದವರು ಹೋದರು, ಪ್ರಯೋಗಕ್ಕೆ ಒಳಗಾದದ್ದು ಉಳಿಯಿತು.

ಬೇರೆಯವರು ಬೇಡ ಅಂದ ಜಾಗ

ಈ ಕಾಯುವ ವಿದ್ಯೆಯಿಂದ ಆಗುವ ಲಾಭ ಏನು ಅನ್ನುವುದು ಗೊತ್ತಾಗಬೇಕಾದರೆ ಮರ ಕೊಳೆಯುವ ಕ್ರಮ ಸ್ವಲ್ಪ ತಿಳಿಯಬೇಕು. ಬಿದ್ದ ಮರ ಅಂದರೆ ಶಿಲೀಂಧ್ರಗಳಿಗೆ ಸಂತರ್ಪಣೆ. ನೆರಳಲ್ಲಿ, ನೆಲಕ್ಕೆ ತಾಗಿ, ಸದಾ ತೇವ ಇರುವ ದಿಮ್ಮಿಗೆ ಪೈಪೋಟಿ ವಿಪರೀತ. ಅಲ್ಲಿ ದೊಡ್ಡ ದೊಡ್ಡ ಕೊಳೆಸುವ ಅಣಬೆಗಳು ಬಂದು ಜಾಗ ಹಿಡಿಯುತ್ತವೆ. ಅವುಗಳ ಜೊತೆ ಜಗಳಕ್ಕೆ ನಿಂತರೆ ಸ್ಪ್ಲಿಟ್ ಗಿಲ್ ಸೋಲುತ್ತದೆ.

ಆದರೆ ಬಿಸಿಲಿಗೆ ಬಿದ್ದ ಕೊಂಬೆ, ಬೇಲಿ ಗೂಟ, ಅಂಗಳದ ಸೌದೆ ರಾಶಿ? ಇವತ್ತು ಒದ್ದೆ, ನಾಳೆ ಕಾದ ಕಾವಲಿ. ಹೆಚ್ಚಿನವು ಇಲ್ಲಿ ಬದುಕುವುದಿಲ್ಲ. ಸ್ಪ್ಲಿಟ್ ಗಿಲ್ ಇಂಥ ಜಾಗಕ್ಕೇ ಮೊದಲು ಬಂದು ಕೂರುತ್ತದೆ. ಜಪಾನಿನಲ್ಲಿ ಶಿಟಾಕೆ ಅಣಬೆಯನ್ನು ಮರದ ತುಂಡುಗಳಲ್ಲಿ ಬೆಳೆಸುವವರಿಗೆ ಇದು ಒಂದು ಕಳೆ. ತುಂಡುಗಳ ಮೇಲೆ ಈ ಬೂದು ಬೀಸಣಿಗೆ ಕಾಣಿಸಿಕೊಂಡರೆ ಅವುಗಳಿಗೆ ಬಿಸಿಲು ಜಾಸ್ತಿಯಾಗಿದೆ ಅಂತ ಲೆಕ್ಕ. ಐರ್ಲೆಂಡಿನಲ್ಲಿ ಇನ್ನೂ ತಮಾಷೆ. ಅಲ್ಲಿ ದನಗಳಿಗೆ ಹಸಿಹುಲ್ಲನ್ನು ಉರುಳೆ ಕಟ್ಟಿ, ಪ್ಲಾಸ್ಟಿಕ್ ಸುತ್ತಿ ಹುಳಿಬರಿಸಿ ಇಡುತ್ತಾರೆ. ಆ ಪ್ಲಾಸ್ಟಿಕ್ಕನ್ನು ತೂರಿಕೊಂಡು ಇದರ ಬೀಸಣಿಗೆಗಳು ಹೊರಬರುತ್ತವೆ. ಮರವೇ ಬೇಕು ಅಂತ ಹಟವೂ ಇಲ್ಲ, ನೋಡಿ.

ಬದುಕಿರುವ ಮರದ ಮೇಲೂ ಇದು ಕಾಣಿಸಿಕೊಳ್ಳುವುದುಂಟು. ಆಗ ತೋಟದವರಿಗೆ ಗಾಬರಿ. ಸಾಮಾನ್ಯವಾಗಿ ಇದು ಗಟ್ಟಿಮುಟ್ಟಾದ ಮರಕ್ಕೆ ತಾನಾಗಿ ಕೈಹಾಕುವುದಿಲ್ಲ. ಕೊಂಬೆ ಸೀಳಿದ ಗಾಯ, ಬಿಸಿಲಿಗೆ ಸುಟ್ಟ ತೊಗಟೆ, ತಪ್ಪಾಗಿ ಕತ್ತರಿಸಿದ ಜಾಗ ಇವೇ ಅದರ ಬಾಗಿಲು. ಹಾಗಾಗಿ ಹಣ್ಣಿನ ಮರದಲ್ಲಿ ಇದು ಕಂಡರೆ ಆ ಭಾಗ ಆಗಲೇ ಸತ್ತಿದೆ ಅಂತ ತಿಳಿದು, ಕೊಂಬೆ ತೆಗೆಯಬೇಕೋ ಬೇಡವೋ ನೋಡಬೇಕು. ಅಣಬೆಯನ್ನು ಮಾತ್ರ ಕೆರೆದು ತೆಗೆದರೆ ಏನೂ ಪ್ರಯೋಜನ ಇಲ್ಲ. ಜೀವಿ ಒಳಗೇ ಇರುತ್ತದೆ.

ಮರದೊಳಗೆ ಅದು ಮಾಡುವ ಕೆಲಸದಲ್ಲೂ ಒಂದು ಸ್ವಾರಸ್ಯ ಇದೆ. ಮರದ ರಚನೆ ಆರ್‌ಸಿಸಿ ಕಟ್ಟಡದ ಹಾಗೆ. ಸೆಲ್ಯುಲೋಸ್ ಅನ್ನುವ ನಾರು ಕಬ್ಬಿಣದ ಸರಳು, ಲಿಗ್ನಿನ್ ಅನ್ನುವ ವಸ್ತು ಸಿಮೆಂಟು. ಸರಳಿನಲ್ಲಿ ಸಕ್ಕರೆ ಇದೆ, ಸಿಮೆಂಟಿನಲ್ಲಿ ತಿನ್ನಲು ಏನೂ ಇಲ್ಲ. ‘ಬಿಳಿ ಕೊಳೆತ’ ಮಾಡುವ ಅಣಬೆಗಳು ಪೆರಾಕ್ಸಿಡೇಸ್ ಅನ್ನುವ ಕಿಣ್ವ ಸುರಿದು ಸಿಮೆಂಟನ್ನೇ ಒಡೆಯುತ್ತವೆ. ಸ್ಪ್ಲಿಟ್ ಗಿಲ್ಲನ್ನೂ ಬಹಳ ಕಾಲ ಅದೇ ಗುಂಪಿಗೆ ಸೇರಿಸಿದ್ದರು. 2010ರಲ್ಲಿ ಇದರ ಪೂರ್ತಿ ಜೀನೋಮ್, ಅಂದರೆ ಡಿಎನ್‌ಎಯ ಇಡೀ ಬರಹ, ಓದಿದರು. 3.85 ಕೋಟಿ ಅಕ್ಷರ, ಸುಮಾರು 13,000 ಜೀನ್. ನೋಡಿದರೆ ಆ ಸಿಮೆಂಟು ಒಡೆಯುವ ಪೆರಾಕ್ಸಿಡೇಸ್‌ಗಳೇ ಇಲ್ಲ! ಅದರ ಬದಲು ನಾರು, ಪಿಷ್ಟ, ಪೆಕ್ಟಿನ್ ಹೀಗೆ ಸಕ್ಕರೆ ಇರುವ ಎಲ್ಲವನ್ನೂ ಕತ್ತರಿಸುವ ಕಿಣ್ವಗಳ ದೊಡ್ಡ ಸಂಗ್ರಹ. ಗೋಡೆ ಕೆಡವುವ ತಾಕತ್ತಿಲ್ಲ, ಸಿಕ್ಕಿದ್ದೆಲ್ಲ ಹೆಕ್ಕಿ ತಿನ್ನುವ ಜಾಣತನ ಇದೆ. ಮೊದಲು ಬಂದವನಿಗೆ ಅಷ್ಟು ಸಾಕು.

ಈಗ ಗೋತ್ರದ ವಿಷಯ

ಅಂತರ್ಜಾಲದಲ್ಲಿ ಈ ಅಣಬೆ ಹೆಸರುವಾಸಿಯಾಗಿರುವುದೇ ‘ಇದಕ್ಕೆ 23,000 ಲಿಂಗಗಳಿವೆ’ ಅನ್ನುವ ಸುದ್ದಿಯಿಂದ. ಕೇಳಿದವರು ಹೌಹಾರುತ್ತಾರೆ. ಸುಳ್ಳಲ್ಲ, ಆದರೆ ಲಿಂಗ ಅನ್ನುವ ಪದ ದಾರಿ ತಪ್ಪಿಸುತ್ತದೆ. ಗಂಡು ಹೆಣ್ಣಿನ ಹಾಗೆ ಇಲ್ಲಿ ಆಕಾರದ ವ್ಯತ್ಯಾಸ ಇಲ್ಲ. ಒಬ್ಬರು ಕೊಡುವವರು, ಒಬ್ಬರು ಪಡೆಯುವವರು ಅಂತಲೂ ಇಲ್ಲ. ಎಲ್ಲರೂ ಎರಡೂ ಮಾಡುತ್ತಾರೆ. ಇಂಗ್ಲಿಷಿನವರಿಗೆ ಇದನ್ನು ವಿವರಿಸುವುದು ಕಷ್ಟ. ನಮಗೆ ಕಷ್ಟ ಇಲ್ಲ, ಯಾಕೆಂದರೆ ನಮ್ಮಲ್ಲಿ ಗೋತ್ರ ಇದೆ, ಬೆಡಗು ಇದೆ, ಕರಾವಳಿಯಲ್ಲಿ ಬಳಿ ಇದೆ. ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ, ಮದುವೆ ಇಲ್ಲ. ಬೇರೆಯಾದರೆ ಮಾತುಕತೆಗೆ ಅಡ್ಡಿ ಇಲ್ಲ. ಅಣಬೆಯ ಕಾನೂನು ಇದೇ. ಒಂದು ಹೆಜ್ಜೆ ಜಾಸ್ತಿ ಮಡಿವಂತಿಕೆ, ಅಷ್ಟೇ. ಪ್ರತಿಯೊಂದಕ್ಕೂ ಎರಡೆರಡು ಗೋತ್ರ. ಎರಡೂ ಬೇರೆಯಾಗಿದ್ದರೆ ಮಾತ್ರ ಮದುವೆ.

1920ರ ಹೊತ್ತಿಗೆ ಜರ್ಮನಿಯ ಹಾನ್ಸ್ ಕ್ನೀಪ್ ಈ ಎರಡು ಗೋತ್ರದ ನಿಯಮವನ್ನು ಕಂಡುಕೊಂಡರು. ಆಮೇಲೆ ಹಾರ್ವರ್ಡ್‌ನ ಜಾನ್ ರೇಪರ್ ಜಗತ್ತಿನ ಮೂಲೆಮೂಲೆಯಿಂದ ಸ್ಪ್ಲಿಟ್ ಗಿಲ್ ತರಿಸಿ, ಒಂದಕ್ಕೊಂದು ಜೋಡಿ ಮಾಡಿ, ಯಾವುದಕ್ಕೆ ಯಾವುದು ಆಗುತ್ತದೆ ಅಂತ ಪಟ್ಟಿ ಮಾಡಿದರು. ಅವರ ಹೆಂಡತಿ ಕಾರ್ಲೀನ್ ರೇಪರ್ ಕೂಡ ಇದೇ ಅಣಬೆಯ ವಿಜ್ಞಾನಿ, ಗಂಡ ಹೋದ ಮೇಲೂ ದಶಕಗಳ ಕಾಲ ಕೆಲಸ ಮುಂದುವರಿಸಿದರು. ಗಾಜಿನ ತಟ್ಟೆಯಲ್ಲಿ ಹತ್ತು ದಿನಕ್ಕೆಲ್ಲ ಒಂದು ತಲೆಮಾರು ಮುಗಿಸುವ ಅಣಬೆಯಾದ್ದರಿಂದ ಇದೆಲ್ಲ ಸಾಧ್ಯವಾಯಿತು.

ಲೆಕ್ಕ ಹೀಗಿದೆ. ಮೊದಲ ಗೋತ್ರಕ್ಕೆ ಎ ಅನ್ನೋಣ. ಅದರೊಳಗೆ ಎರಡು ಭಾಗ. ಒಂದರಲ್ಲಿ 9 ಬಗೆ, ಇನ್ನೊಂದರಲ್ಲಿ 32. ಗುಣಿಸಿದರೆ 288. ಎರಡನೇ ಗೋತ್ರ ಬಿ. ಅದರಲ್ಲೂ ಎರಡು ಭಾಗ, 9 ಮತ್ತು 9. ಒಟ್ಟು 81. ಈಗ 288ನ್ನು 81ರಿಂದ ಗುಣಿಸಿ. 23,328.

ಇಷ್ಟೊಂದು ಯಾಕೆ? ಒಂದು ಅಣಬೆ ಕೋಟಿಗಟ್ಟಲೆ ಬೀಜಕ ಉದುರಿಸುತ್ತದೆ. ಅವೆಲ್ಲ ಒಡಹುಟ್ಟಿದವು. ತಂದೆಯದು ಒಂದು ಎ ಒಂದು ಬಿ, ತಾಯಿಯದು ಒಂದು ಎ ಒಂದು ಬಿ ಅಂದರೆ (ತಂದೆತಾಯಿ ಅನ್ನುವುದು ಸುಮ್ನೆ ಮಾತಿಗೆ) ಮಕ್ಕಳಲ್ಲಿ ನಾಲ್ಕೇ ಬಗೆ ಬರಲು ಸಾಧ್ಯ. ಆ ನಾಲ್ಕರಲ್ಲಿ ಯಾವುದೇ ಒಂದಕ್ಕೆ ಎರಡೂ ಗೋತ್ರ ಬೇರೆಯಾಗಿರುವುದು ಒಂದೇ ಒಂದು. ಅಂದರೆ ಒಡಹುಟ್ಟಿದವರ ನಡುವೆ ಜೋಡಿ ಕೂಡಿಬರುವುದು 100ಕ್ಕೆ 25. ಅದೇ ದೂರದಿಂದ ಹಾರಿಬಂದ ಅಪರಿಚಿತ ಆದರೆ? ಎಲ್ಲ ಗೋತ್ರಗಳೂ ಸಮನಾಗಿ ಹರಡಿವೆ ಅಂದುಕೊಂಡರೆ 100ಕ್ಕೆ 98 ಸಲ ಕೂಡಿಬರುತ್ತದೆ. ಗಂಡು ಹೆಣ್ಣು ಅಂತ ಎರಡೇ ಇದ್ದಿದ್ದರೆ ಎದುರಿಗೆ ಬಂದವರಲ್ಲಿ ಅರ್ಧದಷ್ಟು ಜನ ಲೆಕ್ಕಕ್ಕೇ ಬರುತ್ತಿರಲಿಲ್ಲ. ನೆಂಟಸ್ತಿಕೆಗೆ ಬಾಗಿಲು ಮುಚ್ಚಬೇಕು, ಹೊರಗಿನವರಿಗೆ ತೆರೆದಿರಬೇಕು. ಎರಡೂ ಒಟ್ಟಿಗೆ ಆಗಬೇಕಾದರೆ ಗೋತ್ರಗಳ ಸಂಖ್ಯೆ ಹೆಚ್ಚಿಸುವುದೊಂದೇ ದಾರಿ.

ಸಂಖ್ಯೆ ತಾನಾಗಿಯೇ ಹೆಚ್ಚುವುದಕ್ಕೂ ಒಂದು ಕಾರಣ ಇದೆ. ಊರಿನಲ್ಲಿ ಎಲ್ಲರದೂ ನಾಲ್ಕೈದೇ ಗೋತ್ರ, ಆಗ ಹೊಸ ಗೋತ್ರದವನೊಬ್ಬ ಬಂದ ಅಂದುಕೊಳ್ಳಿ. ಅವನಿಗೆ ಊರಲ್ಲಿ ಆಗದ ಮನೆಯೇ ಇಲ್ಲ. ಹೀಗೆ ಅಪರೂಪದ ಗೋತ್ರಕ್ಕೆ ಯಾವಾಗಲೂ ಅನುಕೂಲ. ಅದು ಬೇಗ ಹರಡುತ್ತದೆ, ಸಾಮಾನ್ಯವಾಗುತ್ತದೆ, ಅನುಕೂಲ ಕಳೆದುಕೊಳ್ಳುತ್ತದೆ. ಹಾಗಾಗಿ ಯಾವುದೂ ಊರನ್ನೆಲ್ಲ ಆಕ್ರಮಿಸುವುದಿಲ್ಲ, ಯಾವುದೂ ಸುಲಭವಾಗಿ ಅಳಿಯುವುದೂ ಇಲ್ಲ. ಹೊಸದು ಹುಟ್ಟಿದಾಗೆಲ್ಲ ಪಟ್ಟಿಗೆ ಒಂದು ಸೇರ್ಪಡೆ.

ಗೋತ್ರ ಕೇಳುವ ಪುರೋಹಿತರು ಇಲ್ಲದ ಮೇಲೆ ಅಣಬೆಗೆ ಹೇಗೆ ಗೊತ್ತಾಗುತ್ತದೆ? ಎರಡು ಎಳೆಗಳು ಎದುರಾದರೆ ಮೊದಲು ಬೆಸೆದುಕೊಂಡುಬಿಡುತ್ತವೆ, ವಿಚಾರಣೆ ಆಮೇಲೆ. ಬಿ ಗೋತ್ರದ ಜೀನ್‌ಗಳು ಒಂದು ಥರ ವಾಸನೆ ಮತ್ತು ಮೂಗು ಎರಡನ್ನೂ ಮಾಡುತ್ತವೆ. ತನ್ನ ವಾಸನೆ ತನ್ನ ಮೂಗಿಗೆ ಹತ್ತುವುದಿಲ್ಲ, ಬೇರೆ ಗೋತ್ರದ್ದು ಮಾತ್ರ ಹತ್ತುತ್ತದೆ. ಹತ್ತಿತು ಅಂದರೆ ಎಳೆಯ ಒಳಗಿನ ಅಡ್ಡಗೋಡೆಗಳು ಕರಗಿ, ಒಬ್ಬರ ನ್ಯೂಕ್ಲಿಯಸ್‌ಗಳು ಇನ್ನೊಬ್ಬರ ಜಾಲದೊಳಗೆ ಹರಿದುಹೋಗುತ್ತವೆ. ಎಳೆ ಬೆಳೆಯುವ ವೇಗಕ್ಕಿಂತ ಎಷ್ಟೋ ಪಾಲು ಜೋರಾಗಿ. ಎ ಗೋತ್ರದ್ದು ಬೀಗ ಮತ್ತು ಕೀಲಿಯ ಕತೆ. ಅದರ ಪ್ರೋಟೀನುಗಳು ಎರಡು ಅರ್ಧ ಸೇರಿದರೆ ಮಾತ್ರ ಕೆಲಸ ಮಾಡುತ್ತವೆ, ಮತ್ತು ಒಂದೇ ಮನೆಯ ಎರಡು ಅರ್ಧಗಳು ಸೇರುವುದಿಲ್ಲ. ಒಂದು ಅರ್ಧ ಅವರ ಮನೆಯಿಂದ, ಇನ್ನೊಂದು ಇವರ ಮನೆಯಿಂದ ಬರಬೇಕು. ಸೇರಿದ ಮೇಲೆ ಎಳೆಯ ಪ್ರತಿ ಗಂಟಿನ ಪಕ್ಕದಲ್ಲೂ ಒಂದು ಪುಟ್ಟ ಕೊಂಡಿ ಮೂಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಈ ಕೊಂಡಿ ಕಂಡರೆ ಮದುವೆ ಆಗಿದೆ ಅಂತ. ನೆನಪಿಟ್ಟುಕೊಳ್ಳಿ, ಈ ಕೊಂಡಿ ಮುಂದೆ ಎರಡು ಸಲ ಬರುತ್ತದೆ.

ಇನ್ನೂ ಒಂದು ವಿಶೇಷ. ಎರಡು ನ್ಯೂಕ್ಲಿಯಸ್‌ಗಳು ಒಂದೇ ಕೋಣೆಯಲ್ಲಿ ಸಂಸಾರ ಹೂಡಿದರೂ ಕೂಡಲೇ ಒಂದಾಗುವುದಿಲ್ಲ. ಅಕ್ಕಪಕ್ಕ ಇದ್ದುಕೊಂಡು, ಒಟ್ಟಿಗೇ ಇಬ್ಭಾಗವಾಗುತ್ತಾ, ಜಾಲ ಬೆಳೆದ ಹಾಗೆ ಬೆಳೆಯುತ್ತವೆ. ಅವು ಬೆರೆಯುವುದು ಅಣಬೆ ಮೂಡಿ, ಅದರ ಹಾಳೆಯ ಮೇಲಿನ ಒಂದೊಂದು ಕೋಶದಲ್ಲಿ ಬೀಜಕ ಹುಟ್ಟುವ ಕ್ಷಣಕ್ಕೆ ಸ್ವಲ್ಪ ಮೊದಲು ಮಾತ್ರ. ಸೌದೆಯ ಮೇಲೆ ನಾವು ಕಾಣುವ ಬೀಸಣಿಗೆಯ ಮೈಯೆಲ್ಲ ಹಾಗೆ ಜೋಡಿಯಾಗಿ, ಆದರೆ ಬೆರೆಯದೆ ಇರುವ ನ್ಯೂಕ್ಲಿಯಸ್‌ಗಳದ್ದು.

ಇಷ್ಟೆಲ್ಲ ಹೊರಸಂಬಂಧ ಮಾಡಿದ ಪರಿಣಾಮ ಡಿಎನ್‌ಎಯಲ್ಲಿ ಕಾಣುತ್ತದೆ. ಇಬ್ಬರು ಮನುಷ್ಯರ ಡಿಎನ್‌ಎ ಹೋಲಿಸಿದರೆ ಸಾವಿರ ಅಕ್ಷರಕ್ಕೆ ಹೆಚ್ಚುಕಡಿಮೆ ಒಂದು ವ್ಯತ್ಯಾಸ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಸ್ಪ್ಲಿಟ್ ಗಿಲ್‌ಗಳನ್ನು ಹೋಲಿಸಿದಾಗ, ಪ್ರೋಟೀನಿನ ಮೇಲೆ ಪರಿಣಾಮ ಮಾಡದ ಅಕ್ಷರಗಳಲ್ಲಿ 100ಕ್ಕೆ ಸುಮಾರು 20 ಬೇರೆ ಬೇರೆ ಇದ್ದವು. ರಷ್ಯಾದವುಗಳಲ್ಲಿ 13. ಮನುಷ್ಯನಿಗೂ ಚಿಂಪಾಂಜಿಗೂ ಇರುವ ವ್ಯತ್ಯಾಸ 100ಕ್ಕೆ ಒಂದೂಚಿಲ್ಲರೆ. ಒಂದೇ ದೇಶದ ಎರಡು ಬೂದು ಬೀಸಣಿಗೆಗಳು ನಮಗೂ ಚಿಂಪಾಂಜಿಗೂ ಇರುವುದಕ್ಕಿಂತ ಜಾಸ್ತಿ ಬೇರೆ, ಆದರೂ ಸಲೀಸಾಗಿ ಸಂಸಾರ ಮಾಡುತ್ತವೆ. ನಾನು ಈ ಸಂಖ್ಯೆಯನ್ನು ಮೊದಲು ಓದಿದಾಗ ಮುದ್ರಣದ ತಪ್ಪು ಅಂದುಕೊಂಡಿದ್ದೆ.

ಕೆಸುವಿನ ಎಲೆಯ ಗುಟ್ಟು

ಗೋತ್ರದಷ್ಟು ಪ್ರಚಾರ ಸಿಗದ, ಆದರೆ ನನಗೆ ಅಷ್ಟೇ ಇಷ್ಟವಾದ ಸಂಗತಿ ಒಂದಿದೆ. ಎಳೆ ಇರುವುದು ಒದ್ದೆ ಮರದೊಳಗೆ, ನೀರಿನಲ್ಲಿ. ಅಣಬೆ ಮೂಡಬೇಕಾದದ್ದು ಹೊರಗೆ, ಗಾಳಿಯಲ್ಲಿ. ಕೂದಲಿಗಿಂತ ತೆಳುವಾದ ಎಳೆಗೆ ನೀರಿನ ಮೇಲ್ಮೈ ಅಂದರೆ ಬಿಗಿಯಾಗಿ ಎಳೆದು ಕಟ್ಟಿದ ಪೊರೆ. ಅದನ್ನು ತಳ್ಳಿ ಹೊರಬರುವ ಬಲ ಅದಕ್ಕಿಲ್ಲ.

ನೆದರ್‌ಲೆಂಡ್ಸಿನ ಗ್ರೋನಿಂಗೆನ್‌ನಲ್ಲಿ ಯೋಸೆಫ್ ವೆಸೆಲ್ಸ್ ಅವರ ತಂಡ ಇದೇ ಅಣಬೆಯಲ್ಲಿ ಇದಕ್ಕೆ ಉತ್ತರ ಕಂಡುಹಿಡಿಯಿತು. ಎಳೆ ಒಂದು ಪ್ರೋಟೀನನ್ನು ನೀರಿಗೆ ಬಿಡುತ್ತದೆ. ಅದು ಮೇಲ್ಮೈಗೆ ಹೋಗಿ ಪದರಗಟ್ಟಿ ನೀರಿನ ಬಿಗಿತವನ್ನು ಮೂರನೇ ಒಂದು ಪಾಲಿಗೆ ಇಳಿಸುತ್ತದೆ. ಪೊರೆ ಸಡಿಲವಾದ ಮೇಲೆ ಎಳೆ ಹೊರಬರುತ್ತದೆ, ಬರುವಾಗ ಅದೇ ಪ್ರೋಟೀನಿನ ಅಂಗಿ ತೊಟ್ಟುಕೊಂಡು ಬರುತ್ತದೆ. ಆ ಅಂಗಿಗೆ ನೀರು ಅಂಟುವುದಿಲ್ಲ. ಕೆಸುವಿನ ಎಲೆ ಮೇಲೆ ಮಳೆಹನಿ ಗುಂಡಾಗಿ ಉರುಳುತ್ತದಲ್ವಾ, ಹಾಗೆ. ಇಂಥ ಪ್ರೋಟೀನುಗಳಿಗೆ ಹೈಡ್ರೋಫೋಬಿನ್ ಅಂತ ಹೆಸರು. ಆಮೇಲೆ ಹುಡುಕಿದಾಗ ಬೇರೆ ಎಷ್ಟೋ ಅಣಬೆ, ಬೂಸ್ಟುಗಳಲ್ಲಿ ಸಿಕ್ಕವು. ಹಳೇ ರೊಟ್ಟಿ ಮೇಲಿನ ಹಸಿರು ಬೂಸ್ಟಿಗೆ ನೀರು ಚಿಮುಕಿಸಿದರೆ ಜಾರಿ ಹೋಗುವುದು ಇದರಿಂದಲೇ.

ತಿನ್ನಬಹುದಾ?

ಯುರೋಪಿನ ಅಣಬೆ ಕೈಪಿಡಿಗಳು ಇದನ್ನು ‘ತಿನ್ನಲು ಯೋಗ್ಯವಲ್ಲ’ ಅಂತ ಒಂದು ಸಾಲಿನಲ್ಲಿ ತಳ್ಳಿಹಾಕುತ್ತವೆ. ವಿಷ ಅಂತಲ್ಲ. ಚಿಕ್ಕದು, ಚಕ್ಕಳದ ಹಾಗಿದೆ ಅಂತ. ನಮ್ಮದೇ ದೇಶದ ಮಣಿಪುರದಲ್ಲಿ ಕೇಳಿದರೆ ನಗುತ್ತಾರೆ. ಅಲ್ಲಿ ಇದರ ಹೆಸರು ಕಾಂಗ್ಲಾಯೆನ್. ಪಾಕ್ನಮ್ ಅಂತ ಕಡಲೆಹಿಟ್ಟು, ಸೊಪ್ಪು ಎಲ್ಲ ಹಾಕಿ ಮಾಡುವ ಖಾರದ ರೊಟ್ಟಿಗೆ ಇದನ್ನು ಹಾಕುವುದೆಂದರೆ ಅವರಿಗೆ ಬಲು ಇಷ್ಟ. ಮಿಜೋರಾಮಿನಲ್ಲಿ ಪಾಸಿ ಅನ್ನುತ್ತಾರೆ. ಪಾ ಅಂದರೆ ಅಣಬೆ, ಸಿ ಅಂದರೆ ಚಿಕ್ಕದು. ಅಲ್ಲಿನವರ ಮೆಚ್ಚಿನ ಅಣಬೆಗಳಲ್ಲಿ ಇದೂ ಒಂದು. ಥಾಯ್ಲೆಂಡಿನಲ್ಲಿ ಇದನ್ನು ಬೆಳೆಸಿಯೇ ಮಾರುತ್ತಾರೆ.

ಬಿಸಿ, ತೇವ ಎರಡೂ ಜಾಸ್ತಿ ಇರುವ ಕಡೆ ಜನ ಇಂಥ ಗಟ್ಟಿ ಅಣಬೆಯನ್ನು ಇಷ್ಟಪಡುವುದಕ್ಕೆ ಕಾರಣ ಊಹಿಸಬಹುದು. ಮೆತ್ತನೆಯ ಅಣಬೆ ಬೆಳಿಗ್ಗೆ ಕಿತ್ತರೆ ಸಂಜೆಗೆ ಹುಳ, ನಾಳೆಗೆ ಲೋಳೆ. ಇದು ಒಣಗುತ್ತದೆಯೇ ಹೊರತು ಕೊಳೆಯುವುದಿಲ್ಲ. ಡಬ್ಬಿಯಲ್ಲಿಟ್ಟು ಬೇಕಾದಾಗ ನೆನೆಸಿಕೊಳ್ಳಬಹುದು. ಅಣಬೆ ತನಗಾಗಿ ಕಲಿತ ಕಾಯುವ ವಿದ್ಯೆ ಅಡುಗೆಮನೆಗೂ ಒದಗಿತು.

ಹಾಗಂತ ಇದನ್ನು ಓದಿ ಸೌದೆ ಕೆರೆದು ಸಾರು ಮಾಡಬೇಡಿ. ಅಲ್ಲಿನವರಿಗೆ ತಲೆಮಾರುಗಳ ಗುರುತು ಇದೆ, ನಮಗೆ ಇಲ್ಲ. ಕಾಡಣಬೆಯನ್ನು ಫೋಟೊ ನೋಡಿ ಗುರುತಿಸಿ ತಿನ್ನುವುದು ಆಸ್ಪತ್ರೆಗೆ ಹತ್ತಿರದ ದಾರಿ.

ಔಷಧಿಯ ಮಾತೂ ಬರುತ್ತದೆ. ಇದರ ಎಳೆಗಳಿಂದ ಸ್ಕಿಜೋಫಿಲ್ಲಾನ್ ಅನ್ನುವ ಸಕ್ಕರೆಸರಪಳಿ ತೆಗೆಯುತ್ತಾರೆ. 1980ರ ದಶಕದಲ್ಲಿ ಜಪಾನ್ ಇದನ್ನು ಗರ್ಭಕೊರಳಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆಯ ಜೊತೆಗೆ ಕೊಡುವ ಇಂಜೆಕ್ಷನ್ ಆಗಿ ಒಪ್ಪಿಕೊಂಡಿತು. ಜೊತೆಗೆ ಅನ್ನುವುದನ್ನು ಗಮನಿಸಿ, ಬದಲಿಗೆ ಅಲ್ಲ. ಶುದ್ಧ ಮಾಡಿ ಚುಚ್ಚುವ ಮದ್ದಿಗೂ ಅಣಬೆಪುಡಿಯ ಕ್ಯಾಪ್ಸೂಲಿಗೂ ಸಂಬಂಧ ಇಲ್ಲ. ಅದೇ ಸ್ಕಿಜೋಫಿಲ್ಲಾನ್ ನೀರನ್ನು ಗಂಜಿಯ ಹಾಗೆ ಮಂದ ಮಾಡುತ್ತದೆ ಅಂತ ಜರ್ಮನಿಯ ಬೋಕ್‌ಸ್ಟೆಟ್ ತೈಲಬಾವಿಗಳಲ್ಲಿ ಕಚ್ಚಾತೈಲವನ್ನು ಮೇಲಕ್ಕೆ ತಳ್ಳಲು ಬಳಸಿ ನೋಡಿದ್ದಾರೆ.

2022ರಲ್ಲಿ ‘ಅಣಬೆಗಳು ಮಾತಾಡುತ್ತವೆ, 50 ಪದ ಗೊತ್ತು’ ಅಂತ ಒಂದು ಸುದ್ದಿ ಓಡಾಡಿತ್ತು. ಇಂಗ್ಲೆಂಡಿನ ಆಂಡ್ರೂ ಅಡಮಾಟ್ಸ್ಕಿ ನಾಲ್ಕು ಬಗೆಯ ಶಿಲೀಂಧ್ರಗಳಲ್ಲಿ ವಿದ್ಯುತ್ ಮಿಡಿತ ಅಳೆದು, ಮಿಡಿತಗಳ ಗುಂಪನ್ನು ಪದ ಅಂತ ಕರೆದು ಲೆಕ್ಕ ಹಾಕಿದ್ದರು. ಅದರಲ್ಲಿ ಸ್ಪ್ಲಿಟ್ ಗಿಲ್ಲಿನ ‘ವಾಕ್ಯ’ಗಳೇ ಹೆಚ್ಚು ಜಟಿಲ ಅಂತೆ. ಮಿಡಿತ ಇರುವುದು ನಿಜ. ಅದು ಮಾತು ಅನ್ನುವುದಕ್ಕೆ ಆಧಾರ ಸಾಲದು. ಮಳೆಹನಿ ತಗಡಿನ ಮೇಲೆ ಬೀಳುವುದನ್ನೂ ಹಾಗೆ ಪದಗಳಾಗಿ ವಿಂಗಡಿಸಬಹುದು.

ಕೊಂಡಿ ಮತ್ತೆ ಬರುತ್ತದೆ

ಎಲ್ಲೆಲ್ಲೂ ಬೀಜಕ ತೇಲುತ್ತಿದೆ ಅಂದಮೇಲೆ ನಾವೂ ಅದನ್ನು ಉಸಿರಾಡುತ್ತಿದ್ದೇವೆ. ಬಹುತೇಕ ಎಲ್ಲರಿಗೂ ಇದರಿಂದ ಏನೂ ಆಗುವುದಿಲ್ಲ. ತೀರಾ ಅಪರೂಪಕ್ಕೆ ಕೆಲವರ ಸೈನಸ್‌ನಲ್ಲೋ ಶ್ವಾಸನಾಳದಲ್ಲೋ ಇದು ಬೇರೂರುತ್ತದೆ, ಅಲರ್ಜಿ ತರಿಸುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಹೆಚ್ಚು, ಆದರೆ ಆರೋಗ್ಯವಂತರಲ್ಲೂ ಕಂಡದ್ದಿದೆ. ಲ್ಯಾಬಿನವರಿಗೆ ಇದು ದೊಡ್ಡ ತಲೆನೋವು. ತಟ್ಟೆಯಲ್ಲಿ ಬೆಳೆಸಿದರೆ ಬರುವುದು ಬರೀ ಬಿಳಿ ಹತ್ತಿಯಂಥ ಬೂಸ್ಟು, ಯಾವ ಗುರುತೂ ಇಲ್ಲ. ಒಂಟಿ ಬೀಜಕದಿಂದ ಬೆಳೆದದ್ದಾದರೆ ಕೊಂಡಿಯೂ ಇರುವುದಿಲ್ಲ, ಯಾಕೆಂದರೆ ಅದಕ್ಕಿನ್ನೂ ಮದುವೆ ಆಗಿಲ್ಲ. ಈಗ ಡಿಎನ್‌ಎ ಪರೀಕ್ಷೆ ಇದೆ. ಅದು ಸುಲಭವಾಗಿ ಸಿಗದ ಕಾಲದಲ್ಲಿ ಒಂದು ಉಪಾಯ ಮಾಡುತ್ತಿದ್ದರು. ಗೊತ್ತಿರುವ ಸ್ಪ್ಲಿಟ್ ಗಿಲ್‌ನ ಒಂಟಿ ಎಳೆಯನ್ನು ಅದೇ ತಟ್ಟೆಗೆ ಬಿಡುವುದು. ಕೊಂಡಿ ಮೂಡಿತೋ, ರೋಗಿಯ ಮೂಗಿನಿಂದ ತೆಗೆದದ್ದೂ ಸ್ಪ್ಲಿಟ್ ಗಿಲ್ಲೇ. ಸಂಬಂಧ ಕುದುರಿಸಿ ರೋಗ ಪತ್ತೆ ಮಾಡುವುದು ಅಂದರೆ ಇದು.

ಅಮೆರಿಕದ ತಿಮೋತಿ ಜೇಮ್ಸ್ ಮತ್ತು ರಿಟಾಸ್ ವಿಲ್ಗಾಲಿಸ್ ಇದೇ ಉಪಾಯವನ್ನು ಬಯಲಿಗೆ ತಂದರು. ಕೆರಿಬಿಯನ್ ದ್ವೀಪಗಳ ಗಾಳಿಯಲ್ಲಿ ಸ್ಪ್ಲಿಟ್ ಗಿಲ್ ಬೀಜಕ ಎಷ್ಟಿದೆ, ಯಾವ್ಯಾವ ಬಗೆಯದ್ದಿದೆ ಅನ್ನುವುದು ಅವರ ಪ್ರಶ್ನೆ. ಗಾಳಿಯಲ್ಲಿ ಸಾವಿರ ಥರದ ಬೀಜಕ ಇರುತ್ತದೆ, ಬೇಕಾದ್ದೊಂದನ್ನು ಹೆಕ್ಕುವುದು ಹೇಗೆ? ತಟ್ಟೆಯ ತುಂಬ ಮದುವೆಯಾಗದ ಸ್ಪ್ಲಿಟ್ ಗಿಲ್ ಎಳೆ ಬೆಳೆಸಿ, ಮುಚ್ಚಳ ತೆಗೆದು ಹೊರಗಿಟ್ಟರು. ಬೇರೆ ಯಾವ ಬೀಜಕ ಬಿದ್ದರೂ ಅದು ಕೊಂಡಿ ಹಾಕುವುದಿಲ್ಲ. ಎರಡೂ ಗೋತ್ರ ಬೇರೆಯಾದ ತನ್ನವನೇ ಬಂದರೆ ಮಾತ್ರ. ಆಮೇಲೆ ಮುಚ್ಚಳ ಹಾಕಿ ಒಳಗೆ ತಂದು, ಸೂಕ್ಷ್ಮದರ್ಶಕದ ಕೆಳಗಿಟ್ಟು ಹುಡುಕಿದರು. ಸಮುದ್ರದ ಗಾಳಿಗೆ ಇಟ್ಟ ತಟ್ಟೆಗಳಲ್ಲಿ ಕೊಂಡಿಗಳು ಮೂಡಿದ್ದವು.